ನಾಲ್ಕು ಜನರ ಗ್ರಂಥಾಲಯಕ್ಕೆ ಯಾವ ತಂತ್ರಾಂಶ?

ಗ್ರಂಥಾಲಯದವರು ನಾಲ್ಕು ಜನ ಸೇರಿದಲ್ಲೆಲ್ಲ ಈಚೆಗೆ ಒಂದು ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. "ಮೇಡಂ, ನಮ್ಮದು ಸಣ್ಣ ಲೈಬ್ರರಿ. ಯಾರು ಯಾವ ಕೆಲಸ ಮಾಡ್ತಿದ್ದಾರೆ, ಎಲ್ಲಿಗೆ ಬಂತು ಅಂತ ಒಂದೇ ಕಡೆ ನೋಡಿಕೊಳ್ಳೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು? ಟ್ರೆಲ್ಲೊ ಹಾಕಿಕೊಳ್ಳೋಣವೋ, ಅಸಾನಾ ತಗೊಳ್ಳೋಣವೋ?" ಅಂಕಣಕ್ಕೆ ಬರುವ ಪತ್ರಗಳಲ್ಲೂ ಇದೇ ಮಾತು. ಕೇಳುವವರು ಹೆಚ್ಚಾಗಿ ಪದವಿ ಕಾಲೇಜುಗಳ ಗ್ರಂಥಪಾಲಕರು. ನ್ಯಾಕ್ ಬರುತ್ತದೆ, ಸ್ಟಾಕ್ ವೆರಿಫಿಕೇಷನ್ ಬಾಕಿ ಇದೆ, ಹೊಸ ಪುಸ್ತಕಗಳ ಬಿಲ್ಲು ಲೆಕ್ಕಪತ್ರ ವಿಭಾಗದಲ್ಲಿ ಕೂತಿದೆ, ಇದರ ನಡುವೆ ದಿನವಿಡೀ ಕೌಂಟರ್ ನಡೆಯಬೇಕು. ಕೆಲಸ ಮಾಡುವವರು ನಾಲ್ಕೇ ಜನ.

ಹೆಸರು ಸೂಚಿಸುವ ಮೊದಲು ನಾನು ಅವರನ್ನು ಒಂದು ಮಾತು ಕೇಳುತ್ತೇನೆ: ನಿಮ್ಮ ನಾಲ್ವರಲ್ಲಿ ಕಂಪ್ಯೂಟರಿನ ಮುಂದೆ ಎಲ್ಲರಿಗಿಂತ ಕಡಿಮೆ ಕೂರುವವರು ಯಾರು? ಬಹುತೇಕ ಕಡೆ ಉತ್ತರ ಅಟೆಂಡರ್. ಪುಸ್ತಕಗಳನ್ನು ಕಪಾಟಿಗೆ ಸೇರಿಸುವವರು ಅವರು, ಹರಿದವನ್ನು ಕಟ್ಟು ಕಟ್ಟಿ ಬೈಂಡರಿಗೆ ಕಳಿಸುವವರು ಅವರು, ಪ್ರಿನ್ಸಿಪಾಲರ ಕೊಠಡಿಗೆ ಫೈಲು ಒಯ್ದು ಸಹಿ ಆಯಿತೋ ಇಲ್ಲವೋ ನೋಡಿಕೊಂಡು ಬರುವವರೂ ಅವರೇ. ಕೆಲಸ ಎಲ್ಲಿಗೆ ಬಂತು ಎಂಬುದು ಮೊದಲು ಗೊತ್ತಾಗುವುದು ಅವರಿಗೆ. ತಂತ್ರಾಂಶ ಅವರ ಕೈಗೆ ಒಗ್ಗದಿದ್ದರೆ ಆ ಸಂಗತಿ ಅದರೊಳಗೆ ಬರುವುದೇ ಇಲ್ಲ. ಗ್ರಂಥಪಾಲಕಿ ಸಂಜೆ ಎಲ್ಲರನ್ನೂ ವಿಚಾರಿಸಿ ತಾವೇ ತುಂಬುತ್ತಾರೆ, ಕೆಲವು ವಾರ ತುಂಬುತ್ತಾರೆ, ಪರೀಕ್ಷೆ ಶುರುವಾಗಿ ಕೌಂಟರಿನಲ್ಲಿ ನೋ ಡ್ಯೂ ಸರ್ಟಿಫಿಕೇಟಿನ ಸಾಲು ನಿಂತ ದಿನ ಬಿಟ್ಟುಬಿಡುತ್ತಾರೆ. ಆಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಆದ್ದರಿಂದ ನನ್ನ ಅಳತೆಗೋಲು ಇಷ್ಟೇ: ತಂಡದಲ್ಲಿ ಅದನ್ನು ಎಲ್ಲರಿಗಿಂತ ಕಡಿಮೆ ಬಳಸುವವರಿಗೆ ಯಾವುದು ಸಲೀಸೋ ಅದೇ ನಿಮ್ಮ ಗ್ರಂಥಾಲಯಕ್ಕೆ ತಕ್ಕ ತಂತ್ರಾಂಶ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಕೋಹಾ, ಇ-ಗ್ರಂಥಾಲಯ, ಸೋಲ್ ಇವೆಲ್ಲ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶಗಳು. ಇ-ಗ್ರಂಥಾಲಯವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ರೂಪಿಸಿದರು, ಸೋಲ್ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೊಟ್ಟದ್ದು, ಕೋಹಾ ಹುಟ್ಟಿದ್ದು 1999ರಲ್ಲಿ ನ್ಯೂಜಿಲೆಂಡಿನ ಸಣ್ಣ ಸಾರ್ವಜನಿಕ ಗ್ರಂಥಾಲಯವೊಂದರ ಅಗತ್ಯಕ್ಕೆ. ಪುಸ್ತಕ ಎಲ್ಲಿದೆ, ಯಾರ ಹತ್ತಿರ ಇದೆ, ಎಂದು ಹಿಂತಿರುಗಬೇಕು, ಯಾವ ಬಿಲ್ಲಿನಲ್ಲಿ ಬಂತು ಎಂಬ ಲೆಕ್ಕ ಇವುಗಳದು. ಕೋಹಾದಲ್ಲಿ ಪುಸ್ತಕ ಖರೀದಿಗೇ ಪ್ರತ್ಯೇಕ ವಿಭಾಗವಿದೆ. ಆದೇಶ ಕೊಟ್ಟದ್ದು, ಬಂದದ್ದು, ಅನುದಾನದಲ್ಲಿ ಉಳಿದದ್ದು ಎಲ್ಲ ಅಲ್ಲೇ ಸಿಗುತ್ತದೆ. ಇಷ್ಟಿದ್ದೂ ಪ್ರತಿ ಪುಸ್ತಕದ ಖರೀದಿಯನ್ನು ಇನ್ನೊಂದು ತಂತ್ರಾಂಶದಲ್ಲಿ ಮತ್ತೆ ಬರೆದಿಡುವವರನ್ನು ಕಂಡಿದ್ದೇನೆ. ಎರಡು ಕಡೆ ಬರೆದದ್ದು ಎಂದೂ ತಾಳೆಯಾಗುವುದಿಲ್ಲ. ಗ್ರಂಥಾಲಯ ತಂತ್ರಾಂಶಕ್ಕೆ ಗೊತ್ತಿರುವುದನ್ನು ಅಲ್ಲೇ ಬಿಡಿ. ಅದಕ್ಕೆ ಗೊತ್ತಿಲ್ಲದ್ದಕ್ಕೆ ಮಾತ್ರ ಹೊಸ ಸಾಧನ ಬೇಕು.

ಗೊತ್ತಿಲ್ಲದ್ದು ಏನು ಎನ್ನುವುದಕ್ಕೆ ಸ್ಟಾಕ್ ವೆರಿಫಿಕೇಷನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ 20,000 ಸಂಪುಟಗಳವರೆಗೆ ಇರುವ ಗ್ರಂಥಾಲಯದಲ್ಲಿ ಪ್ರತಿ ವರ್ಷ ಪೂರ್ತಿ ಪರಿಶೀಲನೆ ಆಗಬೇಕು. 50,000ದವರೆಗೆ ಇದ್ದರೆ ಮೂರು ವರ್ಷಕ್ಕೊಮ್ಮೆಯಾದರೂ ಆಗಬೇಕು. ಅದಕ್ಕೂ ದೊಡ್ಡದಾದರೆ ಮಾದರಿ ಪರಿಶೀಲನೆ ಸಾಕು. ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಸಾವಿರ ಸಂಪುಟಗಳಿಗೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಅದೇ ನಿಯಮ ಒಪ್ಪುತ್ತದೆ. ನಿಯಮ ಕೇಂದ್ರದ ಸಂಸ್ಥೆಗಳಿಗೆ ಮಾಡಿದ್ದಾದರೂ ಬೇರೆಯವರೂ ಇದನ್ನೇ ಆಧಾರವಾಗಿ ಹಿಡಿಯುವುದುಂಟು.

ಪರಿಶೀಲನೆಯ ಯಾಂತ್ರಿಕ ಭಾಗವನ್ನು ಕೋಹಾ ಚೆನ್ನಾಗಿ ಮಾಡುತ್ತದೆ. ಕಪಾಟಿನ ಮುಂದೆ ನಿಂತು ಸ್ಕ್ಯಾನರಿನಿಂದ ಬಾರ್‌ಕೋಡುಗಳನ್ನು ಓದಿಸಿ, ಆ ಕಡತವನ್ನು ಏರಿಸಿದರೆ ಯಾವ ಪುಸ್ತಕ ಇರಬೇಕಾಗಿತ್ತು ಮತ್ತು ಸಿಗಲಿಲ್ಲ ಎಂಬ ಪಟ್ಟಿ ಬರುತ್ತದೆ. ಆದರೆ ಯಾವ ಕಪಾಟು ಮುಗಿಯಿತು, ಯಾವುದನ್ನು ಅರ್ಧಕ್ಕೆ ಬಿಟ್ಟು ಕೌಂಟರಿಗೆ ಓಡಿದಿರಿ, ಸಿಗದ ಪುಸ್ತಕವನ್ನು ಇತಿಹಾಸ ವಿಭಾಗದ ಬೀರುವಿನಲ್ಲಿ ಹುಡುಕಲು ಯಾರು ಒಪ್ಪಿಕೊಂಡರು, ಬೆನ್ನು ಕಿತ್ತುಹೋದ ಪುಸ್ತಕಗಳನ್ನು ಬೈಂಡರ್ ಎಂದು ಒಯ್ಯುತ್ತಾನೆ, ಇದೆಲ್ಲ ಕೋಹಾಗೆ ತಿಳಿಯದು. ನಾನಿದ್ದ ಕಾಲೇಜಿನಲ್ಲಿ ಇದಕ್ಕೆ ಒಂದು ಕಪಾಟಿಗೆ ಒಂದು ಕಾರ್ಡು ಎಂದು ಮಾಡಿಕೊಂಡಿದ್ದೆವು. ಕಾರ್ಡಿನ ಮೇಲೆ ಕಪಾಟಿನ ಸಂಖ್ಯೆ, ವರ್ಗಸಂಖ್ಯೆ, ಹೆಸರು, ಅಷ್ಟೇ. ಕೆಲಸ ಸಾಗಿದಂತೆ ಕಾರ್ಡನ್ನು ಬೋರ್ಡಿನ ಒಂದು ಪಟ್ಟಿಯಿಂದ ಮುಂದಿನ ಪಟ್ಟಿಗೆ ಸರಿಸುತ್ತಿದ್ದೆವು. ಗಣಿತದ 510 ಒಂದು ಕಾರ್ಡು, ಭೌತಶಾಸ್ತ್ರದ 530 ಒಂದು. ಕನ್ನಡ ಸಾಹಿತ್ಯವನ್ನು ಮಾತ್ರ ಒಂದೇ ಕಾರ್ಡಿನಲ್ಲಿ ಹಾಕಲು ಆಗಲಿಲ್ಲ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಇಡೀ ಕನ್ನಡ ಸಾಹಿತ್ಯ 894.814ರ ಕೆಳಗೆ ಬಂದು ಕೂರುತ್ತದೆ. ನಮ್ಮಂಥ ಗ್ರಂಥಾಲಯದಲ್ಲಿ ಆ ಒಂದು ಸಂಖ್ಯೆಗೇ ಒಂದು ಗೋಡೆ ಹೋಗಿರುತ್ತದೆ. ಅದರಲ್ಲಿ ಕಾದಂಬರಿ ಬೇರೆ, ಕಾವ್ಯ ಬೇರೆ, ನಾಟಕ ಬೇರೆ ಎಂದು ಕಾರ್ಡು ಒಡೆದೆವು. ಹೆಚ್ಚು ಎರವಲು ಹೋಗುವುದೂ ಹೆಚ್ಚು ಅದಲುಬದಲಾಗುವುದೂ ಕಾದಂಬರಿಗಳ ಕಪಾಟೇ ಎಂಬುದು ಕಾರ್ಡುಗಳು ಮುಂದೆ ಸರಿಯದೆ ನಿಂತಾಗ ಎಲ್ಲರ ಕಣ್ಣಿಗೂ ಬಿತ್ತು. ಆ ಕಪಾಟಿಗೆ ಇಬ್ಬರು ನಿಲ್ಲಬೇಕೆಂದು ಮೊದಲು ಹೇಳಿದವರು ನಮ್ಮ ಅಟೆಂಡರ್.

ಹೀಗೆ ಕಾರ್ಡುಗಳನ್ನು ಎಡದಿಂದ ಬಲಕ್ಕೆ ಸರಿಸುವ ಪದ್ಧತಿಯ ಬೇರು ಇರುವುದು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ. ಎರಡನೆಯ ಮಹಾಯುದ್ಧದ ನಂತರ ತಾಯಿಚಿ ಓನೊ ಎಂಬ ಇಂಜಿನಿಯರ್ ಅದನ್ನು ಅಲ್ಲಿ ಬೆಳೆಸಿದರು. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗ್ರಾಹಕ ಕಪಾಟಿನಿಂದ ತೆಗೆದಷ್ಟನ್ನೇ ಮತ್ತೆ ತುಂಬುವ ರೀತಿ ಅವರಿಗೆ ಪ್ರೇರಣೆ. ಈ ಪದ್ಧತಿಯಲ್ಲಿ ನಮಗೆ ಬೇಕಾದ ಮುಖ್ಯ ಸೂತ್ರವೆಂದರೆ ಕೈಯಲ್ಲಿ ಹಿಡಿದ ಕೆಲಸಗಳಿಗೆ ಮಿತಿ ಹಾಕುವುದು. ನಾಲ್ಕು ಜನರಿರುವಲ್ಲಿ 'ನಡೆಯುತ್ತಿದೆ' ಎಂಬ ಪಟ್ಟಿಯಲ್ಲಿ ಹನ್ನೆರಡು ಕಾರ್ಡುಗಳಿದ್ದರೆ ಅದರಲ್ಲಿ ಎಂಟು ನಡೆಯುತ್ತಿಲ್ಲ ಎಂದೇ ಅರ್ಥ.

ಕೆಲಸವನ್ನು ಬಿಡಿಸಿ ಬರೆಯುವುದನ್ನು ನಾವು ಹೊರಗಿನಿಂದ ಕಲಿಯಬೇಕಾಗಿಯೂ ಇಲ್ಲ. ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಕೊಟ್ಟರು. ಗ್ರಂಥಾಲಯದ ಒಂದೊಂದು ಕೆಲಸವನ್ನೂ ಬಿಡಿ ಬಿಡಿಯಾಗಿ ವಿಂಗಡಿಸಿ ಆಡಳಿತದ ಬಗ್ಗೆಯೂ ದೊಡ್ಡ ಗ್ರಂಥ ಬರೆದರು. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಅವರು ಕಟ್ಟಿದ ಡಿ.ಆರ್.ಟಿ.ಸಿ. ಎಂಬ ಸಂಶೋಧನೆ, ತರಬೇತಿಯ ಕೇಂದ್ರ ಇಂದಿಗೂ ನಡೆಯುತ್ತಿದೆ. ಓದುಗರ ಸಮಯ ಉಳಿಸಬೇಕೆಂಬ ಅವರ ನಾಲ್ಕನೆಯ ಸೂತ್ರವನ್ನು ಇಲ್ಲಿಗೂ ಹಚ್ಚಬಹುದು. ಕಾರ್ಡು ತುಂಬುವುದಕ್ಕೆ ಹೋದ ಹೊತ್ತು ಓದುಗರಿಗೆ ಮರಳಿ ಬರಬೇಕು. ಬರದಿದ್ದರೆ ಆ ಕಾರ್ಡು ಬೇಡ.

ಬೋರ್ಡಿನಲ್ಲಿ ಎಷ್ಟು ಪಟ್ಟಿಗಳಿರಬೇಕು? 'ಆಗಬೇಕು', 'ನಡೆಯುತ್ತಿದೆ', 'ಮುಗಿದಿದೆ' ಎಂಬ ಮೂರು ಸಾಮಾನ್ಯವಾಗಿ ರೂಢಿಯಲ್ಲಿವೆ. ಗ್ರಂಥಾಲಯಕ್ಕೆ ನಾಲ್ಕನೆಯದೊಂದು ಬೇಕೇ ಬೇಕು: 'ಕಾಯುತ್ತಿದೆ'. ನಮ್ಮ ಕೆಲಸದಲ್ಲಿ ಹೆಚ್ಚಿನ ಪಾಲು ನಿಲ್ಲುವುದು ನಮ್ಮಿಂದಾಗಿ ಅಲ್ಲ. ಇಂಡೆಂಟ್ ವಿಭಾಗದ ಮುಖ್ಯಸ್ಥರ ಮೇಜಿನಲ್ಲಿರುತ್ತದೆ, ಕೊಟೇಷನ್ ಮೂರನೆಯ ಅಂಗಡಿಯಿಂದ ಬಂದಿರುವುದಿಲ್ಲ, ಲೈಬ್ರರಿ ಕಮಿಟಿಯ ಸಭೆ ಮುಂದಕ್ಕೆ ಹೋಗಿರುತ್ತದೆ. ಇವೆಲ್ಲ 'ನಡೆಯುತ್ತಿದೆ' ಪಟ್ಟಿಯಲ್ಲೇ ಕೂತರೆ ಸಿಬ್ಬಂದಿ ಕೆಲಸ ಮಾಡುತ್ತಿಲ್ಲವೆಂಬ ಭಾವನೆ ಬರುತ್ತದೆ. 'ಕಾಯುತ್ತಿದೆ' ಪಟ್ಟಿಗೆ ಸರಿಸಿ, ಯಾರಿಗಾಗಿ, ಯಾವ ತಾರೀಕಿನಿಂದ ಎಂದು ಒಂದು ಸಾಲು ಬರೆದರೆ ಪ್ರಿನ್ಸಿಪಾಲರ ಮುಂದೆ ಇಡಲು ನಿಮಗೆ ಆಧಾರ ಸಿಗುತ್ತದೆ. ತಿಂಗಳ ಕೊನೆಗೆ ಆ ಪಟ್ಟಿಯೊಂದನ್ನೇ ಮುದ್ರಿಸಿ ಒಯ್ಯಿರಿ. ಹಾಗೆ ಒಯ್ದ ಹಾಳೆಯಿಂದ ತಿಂಗಳುಗಟ್ಟಲೆ ನಿಂತಿದ್ದ ಬೈಂಡಿಂಗ್ ಬಿಲ್ಲು ಮಂಜೂರಾದದ್ದನ್ನು ನಾನೇ ನೋಡಿದ್ದೇನೆ.

ಇನ್ನು ಹೆಸರುಗಳಿಗೆ ಬರೋಣ. ಟ್ರೆಲ್ಲೊ 2011ರಲ್ಲಿ ಬಂತು, 2017ರಲ್ಲಿ ಅಟ್ಲಾಸಿಯನ್ ಕಂಪನಿ ಅದನ್ನು ಕೊಂಡಿತು. ಕಾರ್ಡು, ಪಟ್ಟಿ, ಬೋರ್ಡು ಇಷ್ಟೇ ಅದರ ಕಲ್ಪನೆ. ಫೋನಿನಲ್ಲಿ ಬೆರಳಿನಿಂದ ಎಳೆದರೆ ಕಾರ್ಡು ಸರಿಯುತ್ತದೆ. ಉಚಿತ ಯೋಜನೆಯಲ್ಲಿ ಈಗ ಹತ್ತು ಜನರ ಮಿತಿ ಇದೆ, ಸಣ್ಣ ತಂಡಕ್ಕೆ ಅದು ಧಾರಾಳ. ಕಂಪ್ಯೂಟರ್ ವಿಭಾಗದ ನೆರವಿಲ್ಲದ ಕಾಲೇಜಿಗೆ ನಾನು ಮೊದಲು ಹೇಳುವುದು ಇದನ್ನೇ. ಕಾಲೇಜಿನಿಂದ ಎಲ್ಲರಿಗೂ ಮೈಕ್ರೋಸಾಫ್ಟ್ ಖಾತೆ ಕೊಟ್ಟಿದ್ದರೆ ಪ್ಲಾನರ್ ಎಂಬುದು ಅದರೊಳಗೇ ಇದೆಯೇ ನೋಡಿ. ಇದ್ದರೆ ಹೊಸ ಖಾತೆ, ಹೊಸ ಪಾಸ್‌ವರ್ಡ್ ಯಾವುದೂ ಬೇಡ, ಅದೇ ಸಾಕು. ಕೋಹಾ ನಡೆಯುವ ಸ್ವಂತ ಸರ್ವರ್ ಇದ್ದು, ಅದನ್ನು ನೋಡಿಕೊಳ್ಳುವವರೂ ಇದ್ದರೆ ಕ್ಯಾನ್‌ಬೋರ್ಡ್ ಅಥವಾ ವೀಕ್ಯಾನ್ ಎಂಬ ಮುಕ್ತ ತಂತ್ರಾಂಶಗಳನ್ನು ಹಾಕಿಸಿಕೊಳ್ಳಬಹುದು. ಮಾಹಿತಿ ನಿಮ್ಮ ಕಟ್ಟಡದೊಳಗೇ ಉಳಿಯುತ್ತದೆ. ಆದರೆ ನೋಡಿಕೊಳ್ಳುವವರು ಕೆಲಸ ಬಿಟ್ಟು ಹೋದರೆ ಮುಂದೇನು ಎಂದು ಮೊದಲೇ ಯೋಚಿಸಿ.

ಜೀರಾ ತಂತ್ರಾಂಶ ಬರೆಯುವವರ ತಂಡಗಳಿಗೆಂದು ಬೆಳೆದದ್ದು, ನಮಗೆ ಬೇಡ. ಅಸಾನಾ, ಕ್ಲಿಕ್‌ಅಪ್, ಚೆನ್ನೈ ಮೂಲದ ಜೋಹೊ ಕಂಪನಿಯ ಪ್ರಾಜೆಕ್ಟ್ಸ್ ಇವು ಗಟ್ಟಿ ತಂತ್ರಾಂಶಗಳೇ. ಹಲವು ವಿಭಾಗಗಳು ಒಂದನ್ನೊಂದು ಅವಲಂಬಿಸಿ ನಡೆಸುವ ದೊಡ್ಡ ಕೆಲಸಕ್ಕೆ ಅವುಗಳ ಬಲ ಒದಗುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯ ತನ್ನ ಹಳೆಯ ಪ್ರಬಂಧಗಳನ್ನೆಲ್ಲ ಸ್ಕ್ಯಾನ್ ಮಾಡಿಸುವಾಗ ಯಾವುದು ಯಾವುದರ ನಂತರ ಎಂದು ತೋರಿಸುವ ಗ್ಯಾಂಟ್ ನಕ್ಷೆ ಬೇಕಾಗಬಹುದು. ನಾಲ್ಕು ಜನ ಒಂದೇ ಮೇಜಿನ ಸುತ್ತ ಕೂರುವಲ್ಲಿ ಆ ನಕ್ಷೆಯನ್ನು ದಿನವೂ ತಿದ್ದುವುದೇ ಐದನೆಯವರ ಕೆಲಸವಾಗುತ್ತದೆ. ಒಬ್ಬರೇ ಮೇಲ್ವಿಚಾರಕರಿರುವ ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿಂದಲೂ ಈ ಪ್ರಶ್ನೆ ಬರುತ್ತದೆ. ಅವರಿಗೆ ನನ್ನ ಉತ್ತರ: ಒಳ್ಳೆಯ ಡೈರಿ ಸಾಕು. ಇದ್ದ ಸಮಯವನ್ನು ಮಕ್ಕಳಿಗೆ ಕೊಡಿ.

ಗೂಗಲ್ ಶೀಟ್ಸ್ ಬಗ್ಗೆ ಕೀಳರಿಮೆ ಬೇಡ. ಕೆಲಸ, ಯಾರು, ಸ್ಥಿತಿ, ತಾರೀಕು ಎಂಬ ನಾಲ್ಕು ಅಂಕಣಗಳ ಹಾಳೆ, ಸ್ಥಿತಿಯ ಅಂಕಣದಲ್ಲಿ ಆರಿಸಿಕೊಳ್ಳಲು ನಾಲ್ಕು ಪದಗಳು. ಇಷ್ಟರಿಂದಲೇ ವರ್ಷಗಟ್ಟಲೆ ಅಚ್ಚುಕಟ್ಟಾಗಿ ನಡೆಯುತ್ತಿರುವ ಗ್ರಂಥಾಲಯಗಳಿವೆ. ಅಟೆಂಡರ್ ಅವರಿಗೆ ಸ್ವಂತ ಇಮೇಲ್ ಇಲ್ಲದಿದ್ದರೆ, ಇದ್ದರೂ ಅದು ಮಗಳ ಫೋನಿನಲ್ಲಿದ್ದರೆ, ಕೌಂಟರಿನ ಕಂಪ್ಯೂಟರಿನಲ್ಲಿ ಸದಾ ತೆರೆದಿಟ್ಟ ಒಂದು ಹಾಳೆಯೇ ಎಲ್ಲರಿಗೂ ಸಲೀಸು. ಹಲವು ತಂತ್ರಾಂಶಗಳಲ್ಲಿ ಪ್ರತಿಯೊಬ್ಬರಿಗೂ ಇಮೇಲ್ ಖಾತೆ ಬೇಕೆನ್ನುವ ಷರತ್ತು ಎದುರಾಗುತ್ತದೆ. ಇದನ್ನು ಮೊದಲ ದಿನವೇ ವಿಚಾರಿಸಿಕೊಳ್ಳಿ.

ಆಯ್ಕೆ ಮಾಡುವಾಗ ಕನ್ನಡದ ಪರೀಕ್ಷೆಯನ್ನು ಬಿಡಬಾರದು. ಒಂದು ಕಾರ್ಡಿಗೆ ಕನ್ನಡದಲ್ಲಿ ಹೆಸರು ಕೊಡಿ, ಮರುದಿನ ಅದನ್ನು ಹುಡುಕಿ ನೋಡಿ, ಫೋನಿನಲ್ಲೂ ನೋಡಿ. ಒತ್ತಕ್ಷರ ಒಡೆಯುತ್ತದೆಯೇ, ಹುಡುಕಿದರೆ ಸಿಗುತ್ತದೆಯೇ ಎಂದು ಆಗಲೇ ತಿಳಿಯುತ್ತದೆ. ನಮ್ಮ ಗ್ರಂಥಾಲಯಗಳಲ್ಲಿ ಹಳೆಯ ಪುಸ್ತಕ ಪಟ್ಟಿಗಳು ಇನ್ನೂ ಯೂನಿಕೋಡ್ ಅಲ್ಲದ ನುಡಿ, ಬರಹ ಅಕ್ಷರಗಳಲ್ಲಿವೆ. ಅವನ್ನು ಹಾಗೇ ತಂದು ಅಂಟಿಸಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಟೈಪು ಮಾಡಲು ಕಷ್ಟಪಡುವವರಿಗೆ ಫೋನಿನ ಕೀಲಿಮಣೆಯ ಧ್ವನಿ ಸೌಲಭ್ಯ ದೊಡ್ಡ ಆಸರೆ. "ಕಪಾಟು ಹದಿನಾಲ್ಕು ಮುಗೀತು, ಮೂರು ಪುಸ್ತಕ ಸಿಗಲಿಲ್ಲ" ಎಂದು ಹೇಳಿದರೆ ಅಷ್ಟು ಕಾರ್ಡಿನ ಮೇಲೆ ಮೂಡುತ್ತದೆ. ಕಾರ್ಡುಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂಬ ನಿಯಮವನ್ನು ಕೆಲವು ಕಡೆ ಕಂಡು ನನಗೆ ಬೇಸರವಾಗಿದೆ. ದಿನವಿಡೀ ಕನ್ನಡದಲ್ಲಿ ಮಾತಾಡಿ ಕೆಲಸ ಮಾಡುವವರು ಅದರ ವಿವರವನ್ನು ಇಂಗ್ಲಿಷಿನಲ್ಲಿ ಏಕೆ ಬರೆಯಬೇಕು?

ಖಾತೆ ಯಾರ ಹೆಸರಿನಲ್ಲಿದೆ ಎಂಬುದು ವರ್ಗಾವಣೆ ಆದಾಗ ತಿಳಿಯುತ್ತದೆ. ಸರ್ಕಾರಿ ಕಾಲೇಜಿನಲ್ಲಿ ಗ್ರಂಥಪಾಲಕರು ಬದಲಾಗುತ್ತಲೇ ಇರುತ್ತಾರೆ. ಬೋರ್ಡನ್ನು ಅವರ ಸ್ವಂತ ಜಿಮೇಲಿನಿಂದ ತೆರೆದಿದ್ದರೆ ಹೊಸಬರು ಬಂದಾಗ ಹಳಬರಿಗೆ ಫೋನ್ ಮಾಡುತ್ತ ಕೂರಬೇಕು. ಗ್ರಂಥಾಲಯದ ಹೆಸರಿನದೇ ಇಮೇಲ್ ಮಾಡಿಸಿ ಅದರಿಂದ ತೆರೆಯಿರಿ, ಇನ್ನೊಬ್ಬರಿಗೂ ನಿರ್ವಾಹಕರ ಅಧಿಕಾರ ಕೊಡಿ. ಹಾಗೆಯೇ, ಬರೆದದ್ದನ್ನು ಹೊರಗೆ ತೆಗೆಯಲು ಬರುತ್ತದೆಯೇ ನೋಡಿಕೊಳ್ಳಿ. ಟ್ರೆಲ್ಲೊದ ಉಚಿತ ಯೋಜನೆಯಲ್ಲಿ ಜೇಸನ್ ಎಂಬ ರೂಪದಲ್ಲಿ ಮಾತ್ರ ಇಳಿಸಿಕೊಳ್ಳಬಹುದು. ಎಕ್ಸೆಲ್‌ನಲ್ಲಿ ನೇರ ತೆರೆಯುವ ರೂಪಕ್ಕೆ ಹಣ ಕೊಡಬೇಕು. ನ್ಯಾಕ್ ವರದಿಗೆ ಅಂಕಿ ಅಂಶ ತೆಗೆಯಬೇಕೆಂದಾಗ ಇದು ತೊಡಕಾಗುತ್ತದೆ. ಉಚಿತ ಯೋಜನೆಗಳ ಮಿತಿಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ, ಆದ್ದರಿಂದ ಮುಗಿದ ಕೆಲಸಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಮುದ್ರಿಸಿ ಫೈಲಿಗೆ ಸೇರಿಸುವುದು ಕ್ಷೇಮ.

ಓದುಗರ ವಿವರ ಕಾರ್ಡಿನ ಮೇಲೆ ಬರಕೂಡದು. ಇದರಲ್ಲಿ ನಾನು ಕಟ್ಟುನಿಟ್ಟು. ಪುಸ್ತಕ ಹಿಂತಿರುಗಿಸದ ವಿದ್ಯಾರ್ಥಿನಿಯ ಹೆಸರು, ಫೋನ್ ಸಂಖ್ಯೆ ಗ್ರಂಥಾಲಯ ತಂತ್ರಾಂಶದೊಳಗೇ ಇರಲಿ. ಬೋರ್ಡಿನಲ್ಲಿ 'ಬಾಕಿ ಪತ್ರಗಳನ್ನು ಕಳಿಸುವುದು' ಎಂದಷ್ಟೇ ಬರೆಯಿರಿ. ಸಾರ್ವಜನಿಕವಾಗಿ ಬಿಟ್ಟ ಟ್ರೆಲ್ಲೊ ಬೋರ್ಡುಗಳು ಗೂಗಲ್ ಹುಡುಕಾಟದಲ್ಲಿ ಸಿಕ್ಕಿ, ಅವುಗಳಲ್ಲಿದ್ದ ಪಾಸ್‌ವರ್ಡುಗಳು ಹೊರಬಿದ್ದ ಸಂಗತಿ 2018ರಲ್ಲಿ ಸುದ್ದಿಯಾಗಿತ್ತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾನೂನಿನ ಮಾತು ಹಾಗಿರಲಿ, ಯಾರು ಯಾವ ಪುಸ್ತಕ ಓದುತ್ತಾರೆಂಬುದನ್ನು ಕಾಪಾಡುವುದು ನಮ್ಮ ವೃತ್ತಿಯ ಮೊದಲ ಕರ್ತವ್ಯಗಳಲ್ಲಿ ಒಂದು.

ಮುಖ್ಯಸ್ಥರಿಗೂ ಒಂದು ಮಾತು ಹೇಳಬೇಕು. ಬೋರ್ಡು ನೋಡಿ ಸಿಬ್ಬಂದಿಯನ್ನು ಗದರಲು ಶುರು ಮಾಡಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಮರುದಿನದಿಂದ ಎಲ್ಲ ಕಾರ್ಡುಗಳೂ 'ಮುಗಿದಿದೆ' ಪಟ್ಟಿಯಲ್ಲಿರುತ್ತವೆ, ಕಪಾಟಿನಲ್ಲಿ ಕೆಲಸ ಹಾಗೇ ಇರುತ್ತದೆ. ಬೋರ್ಡನ್ನು ನೋಡುವುದು ಯಾರಿಗೆ ಹೊರೆ ಹೆಚ್ಚಾಗಿದೆ, ಎಲ್ಲಿ ಕೈ ಜೋಡಿಸಬೇಕು ಎಂದು ತಿಳಿಯಲು. ವಾರಕ್ಕೊಮ್ಮೆ ಗ್ರಂಥಾಲಯ ತೆರೆಯುವ ಮೊದಲು ನಾಲ್ವರೂ ಅದರ ಮುಂದೆ ನಿಂತು ಕಾಲು ಗಂಟೆ ಮಾತಾಡಿ. ಆ ಮಾತನ್ನು ಪ್ರತಿ ಸಲ ಬೇರೆಯವರು ಶುರು ಮಾಡಲಿ. ವಾಟ್ಸಾಪ್ ಗುಂಪನ್ನು ಮುಚ್ಚುವುದೂ ಬೇಡ. "ಇಂದು ಅರ್ಧ ದಿನ ರಜೆ", "ಬೈಂಡರ್ ಬಂದಿದ್ದಾರೆ" ಎಂಬಂಥ ತುರ್ತು ಸುದ್ದಿಗೆ ಅದೇ ಸರಿ. ಅಲ್ಲಿ ತೀರ್ಮಾನವಾದದ್ದು ಮಾತ್ರ ಕಾರ್ಡಿಗೆ ಬರಲಿ, ಇಲ್ಲದಿದ್ದರೆ ಹಬ್ಬದ ಶುಭಾಶಯಗಳ ಕೆಳಗೆ ಸೇರಿಹೋಗುತ್ತದೆ.

ಕೇಳಿದವರಿಗೆಲ್ಲ ನನ್ನ ವಿನಂತಿ: ಈ ಸಲದ ಸ್ಟಾಕ್ ವೆರಿಫಿಕೇಷನ್ ಒಂದನ್ನೇ ಬೋರ್ಡಿಗೆ ಹಾಕಿ, ಬೇರೆ ಏನನ್ನೂ ಹಾಕಬೇಡಿ. ಹಣ ಕೊಟ್ಟು ಏನನ್ನೂ ಕೊಳ್ಳಬೇಡಿ. ಪರಿಶೀಲನೆ ಮುಗಿದ ಮೇಲೆ ನಿಮ್ಮ ಅಟೆಂಡರ್ ಅವರನ್ನು ಕೂರಿಸಿಕೊಂಡು, "ಇದನ್ನು ಮುಂದುವರಿಸೋಣವೇ?" ಎಂದು ಕೇಳಿ. ಅವರು ಬೇಡವೆಂದರೆ ಕಾರಣ ಕೇಳಿ ಬರೆದುಕೊಳ್ಳಿ, ಇನ್ನೊಂದನ್ನು ನೋಡಿ. ಆ ಕಾರಣಗಳನ್ನು ನನಗೂ ಬರೆದು ಕಳಿಸಿ. ಇನ್ನೊಂದು ಅಂಕಣಕ್ಕೆ ಆಗುವಷ್ಟು ವಿಷಯ ಅವುಗಳಲ್ಲಿ ಖಂಡಿತ ಇರುತ್ತದೆ.